ಬೈಬಲ್ ಉಳಿದ ಧರ್ಮಗ್ರಂಥಗಳಿಗಿಂತ ಹೆಚ್ಚು ನಂಬಲರ್ಹವೇ? ಹಸ್ತಪ್ರತಿ, ಶಾಸನ ಇಟ್ಟುಕೊಂಡು ಉತ್ತರಿಸಿ

ಪ್ರಶ್ನೆ: ಹೇಮಾವತಿ_ತೀರ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಯೂಟ್ಯೂಬ್ ಚರ್ಚೆಗಳಲ್ಲಿ ಪದೇಪದೇ ಬರುವ ವಾದ ಇದು: "ಹೊಸ ಒಡಂಬಡಿಕೆಗೆ 24,000 ಹಸ್ತಪ್ರತಿಗಳಿವೆ, ಬೇರೆ ಯಾವ ಗ್ರಂಥಕ್ಕೂ ಅಷ್ಟಿಲ್ಲ. ಉತ್ಖನನದಲ್ಲಿ ಬೈಬಲಿನ ಇತಿಹಾಸ ಸಾಬೀತಾಗಿದೆ. ವೇದ ಬರೀ ಬಾಯಿಪಾಠ, ಕುರಾನ್ ಆರುನೂರು ವರ್ಷ ಈಚಿನದು. ಹಾಗಾಗಿ ಬೈಬಲೇ ಹೆಚ್ಚು ನಂಬಲರ್ಹ." ಎದುರಿನವರು "ಬೈಬಲನ್ನು ತಿದ್ದಿಬಿಟ್ಟಿದ್ದಾರೆ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಎರಡೂ ಕಡೆ ವಿವರ ಇರುವುದಿಲ್ಲ. ಹಸ್ತಪ್ರತಿ, ಶಾಸನ, ಗ್ರಂಥಸಂಪಾದನೆ ಬಲ್ಲವರು ಈ ವಾದದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಬಿಡಿಸಿ ಹೇಳುತ್ತೀರಾ? ಯಾರ ನಂಬಿಕೆಯನ್ನೂ ಹೀಯಾಳಿಸುವ ಉತ್ತರ ದಯವಿಟ್ಟು ಬೇಡ.

ಉತ್ತರ: ಓಲೆಗರಿ

ಮೊದಲು ಆ 24,000ದ ಲೆಕ್ಕ. ಹೊಸ ಒಡಂಬಡಿಕೆ ಎಂದರೆ ಬೈಬಲಿನಲ್ಲಿ ಯೇಸು ಮತ್ತು ಅವನ ಶಿಷ್ಯರ ಕುರಿತ ಭಾಗ; ಮೂಲ ಭಾಷೆಯಾದ ಗ್ರೀಕಿನಲ್ಲಿ ಪಟ್ಟಿಯಾಗಿರುವ ಅದರ ಪ್ರತಿಗಳು ಸುಮಾರು 5,800. ಮಿಕ್ಕವು ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್, ಅರ್ಮೇನಿಯನ್ ಅನುವಾದಗಳ ಪ್ರತಿಗಳು. ಆ 5,800ರಲ್ಲೂ ಬಹುಪಾಲು 10ನೇ ಶತಮಾನದ ಈಚೆಗೆ ನಕಲಾದವು. ತೀರಾ ಹಳೆಯವು ತುಂಡುಗಳು. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಪಿ52 ಎಂಬ ಪಪೈರಸ್ ಚೂರು ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಒಂದು ಮಗ್ಗುಲಲ್ಲಿ ಯೋಹಾನ 18:31–33ರ, ಇನ್ನೊಂದರಲ್ಲಿ 18:37–38ರ ಕೆಲವು ಅಕ್ಷರಗಳು ಉಳಿದಿವೆ. ಅದನ್ನು "ಕ್ರಿ.ಶ. 125" ಎಂದು ಖಚಿತವಾಗಿ ಹೇಳುವ ರೂಢಿ ಇದೆ. ಆದರೆ ಅದು ಬರವಣಿಗೆಯ ಶೈಲಿ ನೋಡಿ ಕಟ್ಟಿದ ಕಾಲ. ಇಂಥ ಕಡೆ ಹಲವು ದಶಕ ಆಚೀಚೆ ಬಿಟ್ಟುಕೊಳ್ಳಲೇಬೇಕು. 2ನೇ ಶತಮಾನ ಎಂದರೆ ಸಾಕು.

ಪ್ರತಿ ಹೆಚ್ಚಿದ್ದರೆ ಏನು ಲಾಭ? ಪಾಠ, ಅಂದರೆ ಮೂಲದಲ್ಲಿ ಇದ್ದ ಮಾತು ಯಾವುದು ಎಂದು ತೀರ್ಮಾನ ಮಾಡುವುದು ಸುಲಭ, ಅಷ್ಟೇ. ಬರೆದದ್ದು ನಿಜವೋ ಅಲ್ಲವೋ ಎಂಬುದಕ್ಕೂ ನಕಲುಗಳ ಸಂಖ್ಯೆಗೂ ಸಂಬಂಧವಿಲ್ಲ. ಪಾಠದ ವಿಷಯದಲ್ಲಿ ಮಾತ್ರ ಈ ಲಾಭ ದೊಡ್ಡದು: ಈಜಿಪ್ಟಿನ ಪ್ರತಿ, ಸಿರಿಯದ ಪ್ರತಿ, ರೋಮಿನ ಕಡೆಯ ಪ್ರತಿ ಅಕ್ಕಪಕ್ಕ ಇಟ್ಟರೆ ಎಲ್ಲಿ ಸೇರಿಸಿದ್ದಾರೆ ಎಂಬುದು ಎದ್ದು ಕಾಣುತ್ತದೆ. ಹಾಗೆ ಸಿಕ್ಕಿಬಿದ್ದ ಮೂರು ಜಾಗಗಳು ಎಲ್ಲರಿಗೂ ಗೊತ್ತಿರಬೇಕು.

ಮಾರ್ಕ 16:9–20, ಅಂದರೆ ಪುನರುತ್ಥಾನದ ನಂತರ ಯೇಸು ಕಾಣಿಸಿಕೊಂಡ ಭಾಗ, 4ನೇ ಶತಮಾನದ ಸಿನಾಯ್ ಪ್ರತಿಯಲ್ಲೂ ವ್ಯಾಟಿಕನ್ ಪ್ರತಿಯಲ್ಲೂ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ (ಯೋಹಾನ 7:53–8:11) ಅವೆರಡರಲ್ಲೂ ಇಲ್ಲ, ಇನ್ನೂ ಹಳೆಯ ಪಪೈರಸ್‌ಗಳಾದ ಪಿ66, ಪಿ75ರಲ್ಲೂ ಇಲ್ಲ. ಮೂರನೆಯದು 1 ಯೋಹಾನ 5:7ರಲ್ಲಿ ಬರುವ "ಪರಲೋಕದಲ್ಲಿ ಸಾಕ್ಷಿ ಕೊಡುವ ಮೂವರು" ಎಂಬ ತ್ರಿತ್ವದ ಮಾತು. ಇದು ಲ್ಯಾಟಿನ್ ಪರಂಪರೆಯಲ್ಲಿ ವ್ಯಾಖ್ಯಾನವಾಗಿ ಹುಟ್ಟಿ ಮೂಲದೊಳಗೆ ನುಸುಳಿದ್ದು. ಡಚ್ ವಿದ್ವಾಂಸ ಎರಾಸ್ಮಸ್ ತನ್ನ 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಇದನ್ನು ಬಿಟ್ಟಿದ್ದ, 1522ರಲ್ಲಿ ಸೇರಿಸಿದ. ಅಲ್ಲಿಂದ ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದಕ್ಕೂ ಅದನ್ನು ಅನುಸರಿಸಿದ ಅನುವಾದಗಳಿಗೂ ಬಂತು.

"ತಿದ್ದಿಬಿಟ್ಟಿದ್ದಾರೆ" ಎನ್ನುವವರೂ ಇದನ್ನೇ ಗಮನಿಸಬೇಕು. ಮೊದಲ ಶತಮಾನಗಳಲ್ಲಿ ಎಲ್ಲ ಪ್ರತಿಗಳನ್ನೂ ಒಂದೆಡೆ ತರಿಸಿ ತಿದ್ದುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ತಪ್ಪುಗಳು ಲಕ್ಷಗಟ್ಟಲೆ ಇವೆ (ಪಾಠಾಂತರಗಳ, ಅಂದರೆ ಪ್ರತಿಗಳ ನಡುವಿನ ವ್ಯತ್ಯಾಸಗಳ ಅಂದಾಜು 4 ಲಕ್ಷ ದಾಟುತ್ತದೆ), ಆದರೆ ಬಹುತೇಕ ಕಾಗುಣಿತ, ಪದಗಳ ಹಿಂದುಮುಂದು. ಪ್ರತಿ ಹೆಚ್ಚಿದಷ್ಟೂ ಪಾಠಾಂತರದ ಎಣಿಕೆಯೂ ಏರುತ್ತದೆ ಎಂಬುದನ್ನು ಮರೆತು ಆ ಸಂಖ್ಯೆ ತೋರಿಸಿ ಹೆದರಿಸಬಾರದು.

ಹಳೆಯ ಒಡಂಬಡಿಕೆಯ, ಅಂದರೆ ಬೈಬಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗದ ಸ್ಥಿತಿ ಬೇರೆ. ಹೀಬ್ರೂವಿನ ಪೂರ್ಣ ಪ್ರತಿಗಳಲ್ಲಿ ಹಳೆಯದು ಲೆನಿನ್‌ಗ್ರಾಡ್ ಪ್ರತಿ, ಕ್ರಿ.ಶ. 1008ರದ್ದು. 1947ರಿಂದ ಮೃತ ಸಮುದ್ರದ ದಂಡೆಯ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳು ಸಿಕ್ಕಾಗ ಈ ಪಾಠವನ್ನು ಸಾವಿರ ವರ್ಷಕ್ಕೂ ಹಿಂದಿನದರ ಜೊತೆ ಹೋಲಿಸಲು ಸಾಧ್ಯವಾಯಿತು. ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಏಳು ಮೀಟರಿಗಿಂತ ಉದ್ದ, 54 ಅಂಕಣ, 66 ಅಧ್ಯಾಯವೂ ಇದೆ. ಕಾಗುಣಿತದ ವ್ಯತ್ಯಾಸ ಬಿಟ್ಟರೆ ಬಹುಮಟ್ಟಿಗೆ ಹೊಂದುತ್ತದೆ. ಅದರಲ್ಲೇ ಲಿಪಿಕಾರನ ಕಣ್ಣು ತಪ್ಪಿದ್ದೂ ಕಾಣುತ್ತದೆ: 40:7 ಮತ್ತು 40:8 ಎರಡೂ "ಹುಲ್ಲು ಒಣಗುವುದು, ಹೂವು ಬಾಡುವುದು" ಎಂದೇ ಶುರುವಾಗುವುದರಿಂದ ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನದು ಬಿಟ್ಟುಹೋಗಿದೆ. ಇನ್ನೊಬ್ಬರ ಕೈ ಅದನ್ನು ಸಾಲಿನ ಮೇಲೂ ಅಂಚಿನಲ್ಲೂ ತುಂಬಿದೆ. ನಮ್ಮ ತಾಳೆಗರಿಗಳಲ್ಲೂ ಇದೇ ರೋಗ.

ಆದರೆ ಯೆಶಾಯನನ್ನು ತೋರಿಸಿ ಇಡೀ ಹಳೆಯ ಒಡಂಬಡಿಕೆ ಹೀಗೇ ಎನ್ನುವಂತಿಲ್ಲ. ಪ್ರವಾದಿ ಯೆರೆಮೀಯನ ಗ್ರಂಥದ ಗ್ರೀಕ್ ಪಾಠ ಹೀಬ್ರೂ ಪಾಠಕ್ಕಿಂತ ಏಳರಲ್ಲೊಂದು ಪಾಲಿನಷ್ಟು ಚಿಕ್ಕದು, ಅಧ್ಯಾಯಗಳ ಕ್ರಮವೂ ಬೇರೆ. ಆ ಚಿಕ್ಕ ಪಾಠಕ್ಕೆ ಹೊಂದುವ ಹೀಬ್ರೂ ತುಂಡು ಕುಮ್ರಾನಿನಲ್ಲೇ ಸಿಕ್ಕಿತು. ದಾವೀದನ ಎದುರಾಳಿ ಗೊಲ್ಯಾತನ ಎತ್ತರ ರೂಢಿಯ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು, ಕುಮ್ರಾನಿನ ಸಮುವೇಲನ ಸುರುಳಿಯಲ್ಲಿ ನಾಲ್ಕು ಮೊಳ ಒಂದು ಗೇಣು.

ಉತ್ತರ: ಶಾಸನ_ಓದು

"ಉತ್ಖನನದಲ್ಲಿ ಸಾಬೀತಾಗಿದೆ" ಎಂಬ ಮಾತಿಗೆ ನನ್ನ ಆಕ್ಷೇಪ ಒಂದೇ: ಬೈಬಲ್ ಒಂದು ಪುಸ್ತಕವಲ್ಲ. ಪ್ರಾಟೆಸ್ಟೆಂಟರಿಗೆ 66, ಕಥೋಲಿಕರಿಗೆ 73 ಗ್ರಂಥಗಳ ಕಟ್ಟು. ಒಂದೊಂದರ ಕಾಲ, ಪ್ರಕಾರ, ಉದ್ದೇಶ ಬೇರೆ. ಅರಸುಗಳ ಗ್ರಂಥದ ಒಂದು ಅಧ್ಯಾಯ ಸರಿಹೊಂದಿತು ಅಂದಮಾತ್ರಕ್ಕೆ ಆದಿಕಾಂಡಕ್ಕೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಸರಿಯಾಗಿ ಹೊಂದುವ ಒಂದು ಪ್ರಸಂಗವನ್ನೇ ಹತ್ತಿರದಿಂದ ನೋಡಿ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದದ್ದು. 2 ಅರಸುಗಳು 18–19ರಲ್ಲಿ ಯೆರೂಸಲೇಮಿನ ಕಡೆಯ ಹೇಳಿಕೆ ಇದೆ. ಸನ್ಹೇರೀಬನದೇ ಹೇಳಿಕೆ ಜೇಡಿಮಣ್ಣಿನ ಪಟ್ಟಕದ ಮೇಲೆ ಕ್ಯೂನಿಫಾರ್ಮ್ ಲಿಪಿಯಲ್ಲಿ ಇದೆ. ಅವನು ಹೇಳುವುದು: ಕೋಟೆಯಿರುವ 46 ಊರು ಗೆದ್ದೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ, 30 ತಲಾಂತು (ಆ ಕಾಲದ ತೂಕದ ಅಳತೆ) ಚಿನ್ನ, 800 ತಲಾಂತು ಬೆಳ್ಳಿ ಕಪ್ಪ ತೆಗೆದುಕೊಂಡೆ. ಬೈಬಲಿನಲ್ಲಿ (18:14) 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ. ಚಿನ್ನದ ಲೆಕ್ಕ ಎರಡು ಶತ್ರು ದಾಖಲೆಗಳಲ್ಲೂ ಒಂದೇ! ಬೆಳ್ಳಿಯ ಲೆಕ್ಕ ಹೊಂದುವುದಿಲ್ಲ. ಯೆಹೂದದ ಲಾಕೀಷ್ ಕೋಟೆ ಬಿದ್ದ ದೃಶ್ಯ ನಿನೆವೆಯ ಅರಮನೆಯ ಗೋಡೆಯಲ್ಲಿ ಕೆತ್ತಿದ್ದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಹಿಜ್ಕೀಯ ನೀರು ಒಳತಂದ ಕಾಲುವೆ (20:20) ಎಂದು ಬಹುತೇಕ ವಿದ್ವಾಂಸರು ಗುರುತಿಸುವ ಸುರಂಗ ಯೆರೂಸಲೇಮಿನಲ್ಲಿ 533 ಮೀಟರ್ ಉದ್ದಕ್ಕೆ ಇವತ್ತಿಗೂ ಇದೆ. ಎರಡು ಕಡೆಯಿಂದ ಕೊರೆದುಕೊಂಡು ಬಂದವರು ನಡುವೆ ಸೇರಿದ್ದನ್ನು ಹೇಳುವ ಶಾಸನ 1880ರಲ್ಲಿ ಅಲ್ಲೇ ಸಿಕ್ಕಿತು.

ಅದೇ ಪ್ರಸಂಗದಲ್ಲಿ ದೇವದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಕೊಂದ ಮಾತೂ ಇದೆ (19:35). ಸನ್ಹೇರೀಬನ ಪಟ್ಟಕ ಅದನ್ನು ಹೇಳುವುದಿಲ್ಲ. ಯೆರೂಸಲೇಮನ್ನು ಗೆದ್ದೆ ಎಂದೂ ಹೇಳುವುದಿಲ್ಲ. ಇಲ್ಲಿಗೆ ಇತಿಹಾಸಕಾರನ ಕೆಲಸ ಮುಗಿಯಿತು: ಮುತ್ತಿಗೆ ನಿಜ, ಕಪ್ಪ ನಿಜ, ಊರು ಬೀಳಲಿಲ್ಲ ಎಂಬುದು ನಿಜ. ಏಕೆ ಬೀಳಲಿಲ್ಲ ಎಂಬುದಕ್ಕೆ ಬೈಬಲ್ ಕೊಡುವ ಕಾರಣವನ್ನು ಶಾಸನದಿಂದ ಅಳೆಯಲಾಗದು.

ಹೊಂದದ ಕಡೆಗಳೂ ಇವೆ. ಯೆಹೋಶುವನ ಮುಂದೆ ಗೋಡೆ ಬಿದ್ದಿತೆಂದು ಬೈಬಲ್ ಹೇಳುವ ಯೆರಿಕೋದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1952–58ರಲ್ಲಿ ಅಗೆದಾಗ ಅಲ್ಲಿನ ದೊಡ್ಡ ಕೋಟೆಯೂರು ಕ್ರಿ.ಪೂ. 1550ರ ಸುಮಾರಿಗೇ ನಾಶವಾಗಿತ್ತೆಂದು ತೀರ್ಮಾನಿಸಿದರು. ಯೆಹೋಶುವನಿಗೆ ಹೇಳುವ ಕಾಲಕ್ಕೆ ಬೀಳಲು ಗೋಡೆಯೇ ಉಳಿದಿರಲಿಲ್ಲ. ಲೂಕ 2:2 ಯೇಸುವಿನ ಜನನವನ್ನು ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಗೆ ಸೇರಿಸುತ್ತದೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಯೆಹೂದದ ಅರಸ ಹೆರೋದ ಸತ್ತದ್ದು ಸಾಮಾನ್ಯವಾಗಿ ಒಪ್ಪುವ ಲೆಕ್ಕದಲ್ಲಿ ಕ್ರಿ.ಪೂ. 4ರಲ್ಲಿ. ಮತ್ತಾಯ ಜನನವನ್ನು ಹೆರೋದನ ಕಾಲಕ್ಕೇ ಹೇಳುತ್ತಾನೆ. ಆದರೆ ಅದೇ ಲೂಕನ ಹೆಸರಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅಧಿಪತಿ ಗಲ್ಲಿಯೋನನ ಹೆಸರು (18:12) ಡೆಲ್ಫಿಯ ಶಾಸನದಲ್ಲಿ ಸಿಕ್ಕಿದೆ. ಪೌಲ ಕೊರಿಂಥದಲ್ಲಿದ್ದ ಕಾಲವನ್ನು ಕ್ರಿ.ಶ. 51ರ ಆಸುಪಾಸಿಗೆ ನಿಲ್ಲಿಸಲು ಅದೇ ಗೂಟ. ಒಬ್ಬನೇ ಬರಹಗಾರ ಒಂದು ಕಡೆ ನಿಖರ, ಇನ್ನೊಂದು ಕಡೆ ಅಲ್ಲ.

ಉತ್ತರ: ಪದ_ಕ್ರಮ

"ವೇದ ಬರೀ ಬಾಯಿಪಾಠ" ಎನ್ನುವವರು ಬಾಯಿಪಾಠದ ವ್ಯವಸ್ಥೆಯನ್ನು ನೋಡಿಲ್ಲ. ಸಂಹಿತೆಯನ್ನು, ಅಂದರೆ ಮಂತ್ರಗಳ ಸಂಗ್ರಹವನ್ನು ಮೊದಲು ಸಂಧಿ ಬಿಡಿಸಿ ಪದಪಾಠ ಮಾಡುತ್ತಾರೆ. ಕ್ರಮಪಾಠದಲ್ಲಿ ಪದಗಳು 1-2, 2-3, 3-4. ಜಟೆಯಲ್ಲಿ 1-2, 2-1, 1-2. ಘನದಲ್ಲಿ 1-2, 2-1, 1-2-3, 3-2-1, 1-2-3, ಆಮೇಲೆ ಎರಡನೇ ಪದದಿಂದ ಮತ್ತೆ ಹೀಗೇ. ಒಂದು ಪದ ಬಿಟ್ಟರೆ ಅಥವಾ ಸ್ಥಾನ ಬದಲಾದರೆ ಸರಪಳಿ ಅಲ್ಲೇ ಮುರಿದು ಕೂಡಿ ಹೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಸ್ವರವೂ ಉಳಿದಿದೆ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿರುವ 30 ಋಗ್ವೇದ ಹಸ್ತಪ್ರತಿಗಳಲ್ಲಿ ಹಳೆಯದು 1464ರದ್ದು. ಬರಹ ಅಷ್ಟು ಈಚಿನದಾದರೂ ಋಗ್ವೇದದಲ್ಲಿ ಪಾಠಾಂತರ ಇಲ್ಲವೆನ್ನುವಷ್ಟು ಕಡಿಮೆ.

ಇದಕ್ಕೂ ಮಿತಿ ಇದೆ, ಅದನ್ನು ನಮ್ಮವರು ಒಪ್ಪಬೇಕು. ಈ ಪಾಠಗಳು ಕಾಯುವುದು ಪದಪಾಠ ಗಟ್ಟಿಯಾದ ಮೇಲಿನ ರೂಪವನ್ನು. ಗಾಯತ್ರಿ ಛಂದಸ್ಸಿನ ಪಾದಕ್ಕೆ ಎಂಟು ಅಕ್ಷರ. "ತತ್ಸವಿತುರ್ವರೇಣ್ಯಂ" ಎಣಿಸಿ: ಏಳೇ ಬರುತ್ತದೆ. "ವರೇಣಿಯಂ" ಎಂದರೆ ಎಂಟಾಗುತ್ತದೆ. ಕವಿಯ ಬಾಯಲ್ಲಿದ್ದದ್ದು ಆ ರೂಪ ಎಂದು ಛಂದಸ್ಸೇ ಹೇಳುತ್ತದೆ, ಸಂಪ್ರದಾಯವೂ ಈ ಕೊರತೆಯನ್ನು ಗುರುತಿಸಿ ನಿಚೃದ್ ಗಾಯತ್ರಿ ಎಂದು ಕರೆದಿದೆ. ಇನ್ನೊಂದು ನಷ್ಟ ದೊಡ್ಡದು. ಋಗ್ವೇದಕ್ಕೆ 21 ಶಾಖೆ (ಬೇರೆ ಬೇರೆ ಪಾಠಪರಂಪರೆ) ಎಂದು ವ್ಯಾಕರಣಕಾರ ಪತಂಜಲಿ ಹೇಳುತ್ತಾನೆ. ಇವತ್ತು ಪ್ರಚಾರದಲ್ಲಿರುವುದು ಮುಖ್ಯವಾಗಿ ಶಾಕಲ ಶಾಖೆ. ಬಾಯಿಪಾಠ ಇರುವಷ್ಟು ದಿನ ಬರಹಕ್ಕಿಂತ ಗಟ್ಟಿ, ಹೇಳುವ ಮನೆತನ ನಿಂತರೆ ಅಲ್ಲಿಗೇ ಮುಗಿಯಿತು.

ಮಹಾಭಾರತದ ಕಥೆ ಬೇರೆ, ಅದು ಬೆಳೆದ ಗ್ರಂಥ. ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ 1,259 ಹಸ್ತಪ್ರತಿ ತಾಳೆನೋಡಿ ಸಂಪಾದಿಸಿತು. "ಲಕ್ಷ ಶ್ಲೋಕ" 73,000 ಚಿಲ್ಲರೆಗೆ ಇಳಿಯಿತು. ಸಭಾಪರ್ವದಲ್ಲಿ ದ್ರೌಪದಿ ಕೃಷ್ಣನನ್ನು ಕೂಗುವ ಸಾಲುಗಳು, ಗಮಕದಲ್ಲಿ ಕೇಳಿ ಕಣ್ಣೀರಿಟ್ಟ ಪ್ರಸಂಗ, ಅಡಿಟಿಪ್ಪಣಿಗೆ ಹೋದವು. ಮಾರ್ಕ 16ಕ್ಕೆ ಆದದ್ದೇ ಇಲ್ಲೂ ಆಗಿದೆ.

ಕುರಾನಿನ ಬಗ್ಗೆ ಚುಟುಕಾಗಿ. ಬರ್ಮಿಂಗ್‌ಹ್ಯಾಮಿನ ಎರಡು ಹಾಳೆಗಳ ಚರ್ಮಪತ್ರಕ್ಕೆ ರೇಡಿಯೋಕಾರ್ಬನ್ ಕೊಟ್ಟ ಕಾಲ ಕ್ರಿ.ಶ. 568–645 (95.4% ಸಂಭವ). ಅದು ಚರ್ಮದ ಕಾಲ, ಶಾಯಿಯದ್ದಲ್ಲ, ಆದರೂ ಪ್ರವಾದಿಯ ಕಾಲಕ್ಕೆ ಇಷ್ಟು ಹತ್ತಿರದ ಪ್ರತಿ ಹೊಸ ಒಡಂಬಡಿಕೆಗೆ ಇಲ್ಲ. ಸಂಪ್ರದಾಯವೇ ಹೇಳುವಂತೆ ಖಲೀಫ ಉಸ್ಮಾನ್ 650ರ ಸುಮಾರಿಗೆ ಪಾಠ ಒಂದುಗೂಡಿಸಿ ಬೇರೆ ಪ್ರತಿಗಳನ್ನು ನಾಶಮಾಡಿಸಿದರು. ಅದರಿಂದ ಪಾಠ ಸ್ಥಿರವಾಯಿತು, ಹೋಲಿಸಲು ಬೇಕಾದ ಸಾಕ್ಷ್ಯ ಕಡಿಮೆಯಾಯಿತು. 1972ರಲ್ಲಿ ಯೆಮೆನಿನ ಸನಾದಲ್ಲಿ ಸಿಕ್ಕ, ಅಳಿಸಿ ಮೇಲೆ ಬರೆದ ಪ್ರತಿಯ ಕೆಳಪಾಠ ಮುಖ್ಯವಾಗುವುದು ಇದಕ್ಕೇ: ಅದರಲ್ಲಿ ಪದಭೇದವೂ ಸೂರಾಗಳ (ಅಧ್ಯಾಯಗಳ) ಬೇರೆ ಕ್ರಮವೂ ಇದೆ.

ಉತ್ತರ: ಬೆರೋಯ

ನಾನು ಕ್ರೈಸ್ತ ವಿಶ್ವಾಸಿ. ಮೇಲಿನ ಉತ್ತರಗಳಲ್ಲಿ ತಕರಾರು ಮಾಡುವಂಥದ್ದು ಹೆಚ್ಚಿಲ್ಲ, ಆದರೆ ನಮ್ಮ ಕಡೆಯ ಬಲವಾದ ವಾದ ಯಾರೂ ಹೇಳಿಲ್ಲ. ಅದು ಪ್ರತಿಗಳ ಸಂಖ್ಯೆಯಲ್ಲಿ ಇಲ್ಲ, 1 ಕೊರಿಂಥ 15:3–8ರಲ್ಲಿ ಇದೆ. ಪತ್ರ ಬರೆದದ್ದು ಕ್ರಿ.ಶ. 54ರ ಸುಮಾರಿಗೆ, ಯೇಸು ಶಿಲುಬೆಗೇರಿದ್ದು 30ರ ಸುಮಾರಿಗೆ. ಪೌಲ ಅಲ್ಲಿ ತಾನು ಕೇಳಿ ಪಡೆದದ್ದನ್ನು ದಾಟಿಸುತ್ತಿದ್ದಾನೆ, ಕೇಫನ (ಶಿಷ್ಯ ಪೇತ್ರ), ಯಾಕೋಬನ (ಯೇಸುವಿನ ತಮ್ಮ) ಹೆಸರು ಹೇಳುತ್ತಾನೆ, ಗಲಾತ್ಯ 1:18–19ರ ಪ್ರಕಾರ ಅವರಿಬ್ಬರನ್ನೂ ಕಂಡಿದ್ದಾನೆ. ಕಾಲು ಶತಮಾನದೊಳಗಿನ, ಹೆಸರಿರುವ ಸಾಕ್ಷಿಗಳು. ಪುರಾತನ ಇತಿಹಾಸದಲ್ಲಿ ಇದು ಸಣ್ಣ ವಿಷಯವಲ್ಲ.

ಇದು ಸ್ಥಾಪಿಸುವುದು ಇಷ್ಟು: ಪುನರುತ್ಥಾನದ ನಂಬಿಕೆ ತಲೆಮಾರುಗಳ ನಂತರ ಹೆಣೆದದ್ದಲ್ಲ, ಮೊದಲ ಶಿಷ್ಯರದ್ದೇ. ಅವರು ಕಂಡದ್ದು ನಿಜವಾಗಿ ಏನು ಎಂಬಲ್ಲಿಗೆ ಬಂದಾಗ ದೇವರು ಹಾಗೆ ಮಾಡಬಲ್ಲನೇ ಎಂಬ ಬೇರೆ ಪ್ರಶ್ನೆ ಏಳುತ್ತದೆ, ಅದಕ್ಕೆ ಪಪೈರಸ್ ಉತ್ತರ ಕೊಡದು. "ಕಾಲಕ್ಕೆ ಹತ್ತಿರ" ಎಂಬ ಅಳತೆಯನ್ನು ನಮಗೆ ಬೇಕಾದಲ್ಲಿ ಮಾತ್ರ ಬಳಸುವಂತೆಯೂ ಇಲ್ಲ. ಆ ಅಳತೆಯಲ್ಲಿ ಗುರು ಅರ್ಜನ್ ತಾವೇ ನಿಂತು 1604ರಲ್ಲಿ ಸಂಕಲಿಸಿದ ಸಿಖ್ಖರ ಆದಿ ಗ್ರಂಥ ನಮ್ಮೆಲ್ಲರಿಗಿಂತ ಮುಂದೆ.

ಸಭೆಯಲ್ಲಿ ಮಾತಾಡುವ ಸಹೋದರರಿಗೆ ಒಂದು ಸೂಚನೆ: ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವನ್ನು "ಕ್ರಿಸ್ತನು" ಎಂದು ಒಪ್ಪಿದ ಎನ್ನುವ ಭಾಗವನ್ನು ಇಡಿಯಾಗಿ ಉದ್ಧರಿಸಬೇಡಿ. ಅದರಲ್ಲಿ ಕ್ರೈಸ್ತ ಲಿಪಿಕಾರರ ಸೇರಿಕೆ ಇದೆ ಎಂಬುದು ಬಹುತೇಕ ವಿದ್ವಾಂಸರ ಮತ. ರೋಮನ್ ಅಧಿಪತಿ ಪಿಲಾತನ ಕೈಯಲ್ಲಿ ಯೇಸುವಿಗೆ ಮರಣದಂಡನೆ ಆಯಿತೆಂಬುದಕ್ಕೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಸಾಕು.

ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದ. ಗ್ರೀಕ್, ಹೀಬ್ರೂ ಬಾರದವರು ಇವನ್ನೆಲ್ಲ ಸ್ವತಃ ಪರೀಕ್ಷಿಸಲು ದಾರಿ ಇದೆಯೇ?

ಉತ್ತರ: ಓಲೆಗರಿ

ಇದೆ. ಎರಡು ಬೇರೆ ಬೇರೆ ಕನ್ನಡ ಬೈಬಲ್ ಅನುವಾದ ತೆಗೆದುಕೊಳ್ಳಿ. ಮೊಬೈಲ್ ಆ್ಯಪ್ ಆದರೆ ಅಡಿಟಿಪ್ಪಣಿ ಕಾಣುವಂತೆ ಇಟ್ಟುಕೊಳ್ಳಿ, ಎಷ್ಟೋ ಆ್ಯಪ್‌ಗಳಲ್ಲಿ ಅದು ಮುಚ್ಚಿರುತ್ತದೆ. ಮಾರ್ಕ 16:9, ಯೋಹಾನ 7:53, 1 ಯೋಹಾನ 5:7 ತೆರೆದು ಕಂಸ, ಟಿಪ್ಪಣಿ, ಬಿಟ್ಟ ಮಾತು ಹೋಲಿಸಿ. ಯಾವ ಅನುವಾದ ಯಾವ ಮೂಲ ಹಿಡಿದಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಆಮೇಲೆ ಸಿನಾಯ್ ಪ್ರತಿಯ ಜಾಲತಾಣಕ್ಕೆ ಹೋಗಿ ಮಾರ್ಕನ ಕೊನೆಯ ಪುಟ ತೆಗೆಯಿರಿ, ಬಳಕೆ ಉಚಿತ. ಗ್ರೀಕ್ ಓದಬೇಕಿಲ್ಲ: ಒಂದು ಅಂಕಣದ ಮೇಲ್ಭಾಗದಲ್ಲೇ ಬರಹ ನಿಂತು ಕೆಳಗೆ ಖಾಲಿ ಬಿಟ್ಟಿದೆ, ಮುಂದಿನ ಅಂಕಣದಲ್ಲಿ ಲೂಕ ಶುರುವಾಗುತ್ತದೆ. ಯೆಶಾಯನ ಸುರುಳಿ ಇಸ್ರೇಲ್ ಮ್ಯೂಸಿಯಮ್ಮಿನ ತಾಣದಲ್ಲಿ ಪೂರ್ತಿ ಇದೆ, 40ನೇ ಅಧ್ಯಾಯದಲ್ಲಿ ಸಾಲಿನ ಮೇಲೂ ಅಂಚಿನಲ್ಲೂ ತುಂಬಿದ ಬರಹ ಬರಿಗಣ್ಣಿಗೇ ಕಾಣುತ್ತದೆ.

ಚರ್ಚೆಯಲ್ಲಿ ಯಾರಾದರೂ "ಬೈಬಲ್ ಸಾಬೀತಾಗಿದೆ" ಅಥವಾ "ಬೈಬಲ್ ಸುಳ್ಳಾಗಿದೆ" ಎಂದರೆ ಯಾವ ಗ್ರಂಥ, ಯಾವ ಅಧ್ಯಾಯ, ಯಾವ ವಚನ ಎಂದು ಕೇಳಿ. ಪಾಠದ ಮಾತೋ, ಘಟನೆಯ ಮಾತೋ, ದೇವರ ಮಾತೋ ಎಂದು ಆಮೇಲೆ ಕೇಳಿ. ಕುರಾನ್, ವೇದ, ಮಹಾಭಾರತದ ವಿಷಯದಲ್ಲೂ ಇದೇ ಎರಡು ಪ್ರಶ್ನೆ ಕೇಳಿ.