ಬಿಸಿಲೋ, ಬೆಳಕೋ, ಹಗಲೋ? ಮಕ್ಕಳ ಬೆಳವಣಿಗೆ ಬಗ್ಗೆ ಬರೆಯಲು ಒಂದು ಪದ ಬೇಕು

ಗೆಳೆಯರೇ, ವರ್ಷವಿಡೀ ಹಗಲು ದೊಡ್ಡದು ಚಿಕ್ಕದು ಆಗುವುದಕ್ಕೂ ಮಕ್ಕಳು ಎತ್ತರ ಆಗುವುದಕ್ಕೂ ನಂಟಿದೆಯೇ ಎಂಬುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಂದೆತಾಯಿಗಳಿಗೆ, ಮೇಷ್ಟ್ರುಗಳಿಗೆ ಅಂತ ಬರೆಯುತ್ತಿರುವುದು. ಮೊದಲ ಸಾಲಲ್ಲೇ ಪದಕ್ಕಾಗಿ ತಡಕಾಡುತ್ತಿದ್ದೇನೆ. ಸೂರ್ಯ ಹುಟ್ಟಿ ಮುಳುಗುವವರೆಗೆ ಸಿಗುವ ಬೆಳಕು, ಕಾಲಕ್ಕೆ ತಕ್ಕಂತೆ ಅದರ ಏರಿಳಿತ, ಇದನ್ನು ಚಿಕ್ಕದಾಗಿ ಏನೆನ್ನಬೇಕು?

ಯಾವುದೋ ಒಂದು ಪದ ಹಾಕಿ ಮುಂದೆ ಹೋಗಬಹುದಲ್ವಾ ಅಂತ ಕೇಳಬಹುದು. ಇಲ್ಲಿ ಹಾಗೆ ಮಾಡಿದರೆ ಆ ಪದವೇ ಓದುಗರಿಗೆ ಒಂದು ಕಾರಣವನ್ನೂ ಹೇಳಿಬಿಡುತ್ತದೆ. ಬಿಸಿಲು ಎಂದರೆ ಕಾವು, ಮೈಗೆ ತಾಗುವ ಬಿಸಿ, ಜೊತೆಗೆ ವಿಟಮಿನ್ ಡಿ. ಬೆಳಕು ಎಂದರೆ ದೀಪದ್ದೂ ಆಗಬಹುದು. ಹಗಲು ಎಂದರೆ ಹೊತ್ತು ಮಾತ್ರ, ಆ ಹೊತ್ತಲ್ಲಿ ಮೋಡ ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಈ ವಿಷಯದ ಚರ್ಚೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಸುತ್ತುತ್ತಿರುವುದು ಈ ಮೂರರ ನಡುವೆಯೇ.

ಫ್ರಾನ್ಸಿನ ಮೊಂಬೆಯಾರ್ ಎಂಬ ಬರಹಗಾರ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು 1777ರವರೆಗೆ, ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ, ಅಳೆದು ಬರೆದಿಟ್ಟ. ಆ ಲೆಕ್ಕವನ್ನು ಪ್ರಕಟಿಸಿದ ನಿಸರ್ಗ ವಿಜ್ಞಾನಿ ಬಫನ್, ಹುಡುಗ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಜಾಸ್ತಿ ಬೆಳೆದಿದ್ದನ್ನು ಗುರುತಿಸಿದ. ಆಮೇಲೆ 1880ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಿವುಡ ಮಕ್ಕಳ ಶಾಲೆಯ ಮುಖ್ಯಸ್ಥ ಮಾಲಿಂಗ್ ಹಾನ್ಸೆನ್ (ಮೊದಮೊದಲ ಬೆರಳಚ್ಚು ಯಂತ್ರಗಳಲ್ಲಿ ಒಂದನ್ನು ಕಂಡುಹಿಡಿದ ಪಾದ್ರಿಯೂ ಅವರೇ) ತಮ್ಮ ಶಾಲೆಯ ಮಕ್ಕಳ ಎತ್ತರ, ತೂಕ ಎರಡನ್ನೂ ದಿನಾ ಅಳೆಸಿದರು. ಎಂಥ ತಾಳ್ಮೆ ನೋಡಿ! ಅವರಿಗೆ ಕಂಡದ್ದು ಇದು: ವಸಂತದಿಂದ ಬೇಸಿಗೆಯವರೆಗೆ ಮಕ್ಕಳು ಉದ್ದವಾಗುತ್ತಾರೆ, ಬೇಸಿಗೆ ಕಳೆದ ಮೇಲೆ ತೂಕ ಏರುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಇದಕ್ಕೆ ಕನ್ನಡ ಹುಡುಕಬೇಕಾಗಿಲ್ಲ, ‘ಉದ್ದ ಆಗುವುದು’ ಮತ್ತು ‘ಮೈ ತುಂಬಿಕೊಳ್ಳುವುದು’ ಅಂತ ನಾವು ಮಾತಾಡುವಾಗ ಬೇರೆ ಬೇರೆಯಾಗಿಯೇ ಹೇಳುತ್ತೇವೆ. ‘ದೈಹಿಕ ಬೆಳವಣಿಗೆ’ ಅಂತ ಎರಡನ್ನೂ ಒಂದೇ ಗಂಟು ಕಟ್ಟಿದರೆ ಅವರು ಕಂಡದ್ದೇ ಮುಚ್ಚಿಹೋಗುತ್ತದೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಮಾಲಿಂಗ್ ಹಾನ್ಸೆನ್ ಇದನ್ನು ಸೂರ್ಯನ ಕಾವಿಗೆ ಜೋಡಿಸಿದರು. ಅಂದರೆ ಅವರ ಮಟ್ಟಿಗೆ ‘ಬಿಸಿಲು’ ಸರಿಯಾದ ಪದ. ಆದರೆ 1971ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಅಧ್ಯಯನ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಕಣ್ಣು ಕಾಣುವ ಮಕ್ಕಳ ಬೆಳವಣಿಗೆಯ ಏರಿಳಿತ ಕಾಲಗಳ ಜೊತೆ ಹೊಂದಿಕೊಂಡು ನಡೆಯುತ್ತಿತ್ತು. ಕುರುಡು ಮಕ್ಕಳಲ್ಲೂ ಏರಿಳಿತ ಇತ್ತು, ಆದರೆ ಒಬ್ಬರು ಜೋರಾಗಿ ಬೆಳೆದದ್ದು ಒಂದು ತಿಂಗಳಲ್ಲಿ, ಇನ್ನೊಬ್ಬರು ಮತ್ತೊಂದರಲ್ಲಿ, ಕಾಲಕ್ಕೂ ಅದಕ್ಕೂ ತಾಳೆ ಇರಲಿಲ್ಲ. ಬಿಸಿಲು ಎಲ್ಲರ ಮೈ ಮೇಲೂ ಬೀಳುತ್ತದೆ. ಕಣ್ಣಿಗೆ ಬೆಳಕು ಬೀಳುವುದರಲ್ಲೇ ಏನೋ ಇದೆ ಅಂತ ಇದು ಸೂಚಿಸುತ್ತದೆ ಅಲ್ವಾ? ಮೆಲಟೋನಿನ್ ಎಂಬ ಹಾರ್ಮೋನ್ ಕತ್ತಲಲ್ಲಿ ಹೆಚ್ಚಾಗಿ, ಕಣ್ಣಿಗೆ ಬೆಳಕು ಬಿದ್ದಾಗ ಕಡಿಮೆಯಾಗುವುದು ಗೊತ್ತಿರುವ ವಿಷಯ. ದೇಹಕ್ಕೆ ಕಾಲ ತಿಳಿಸುವ ಒಂದು ದಾರಿ ಅದು. ವಿಟಮಿನ್ ಡಿ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ, ಅದು ನಿಜ, ಆದರೆ ಅದೊಂದೇ ಕಾರಣವಾಗಿದ್ದರೆ ಕುರುಡು ಮಕ್ಕಳಲ್ಲೂ ಅದೇ ತಾಳ ಕಾಣಬೇಕಿತ್ತು. ಹಾಗಾಗಿ ‘ಬಿಸಿಲು’ ಬೇಡ ಅಂತ ನನ್ನ ಅಭಿಪ್ರಾಯ.

ಹಾಗಾದರೆ ‘ಹಗಲಿನ ಉದ್ದ’ ಸಾಕೇ? ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದಲ್ಲಿ ಜೂನಿನ ಹಗಲು 18 ಗಂಟೆ ದಾಟುತ್ತದೆ, ಡಿಸೆಂಬರಿನದು 6 ಗಂಟೆಯೂ ಇರುವುದಿಲ್ಲ. ಅಲ್ಲಿ ಈ ಮಾತು ಸರಿಹೋಗುತ್ತದೆ. ಆದರೆ ಹಗಲು ಅಷ್ಟೇನೂ ಬದಲಾಗದ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲೂ ಮಕ್ಕಳು ಮಳೆಗಾಲಕ್ಕಿಂತ ಒಣಗಾಲದಲ್ಲಿ ಬೇಗ ಎತ್ತರವಾದದ್ದು ಕಂಡಿದೆ. ಅಲ್ಲಿ ವ್ಯತ್ಯಾಸ ಮೋಡದ್ದಿರಬಹುದು, ಹಗಲಿನ ಉದ್ದದ್ದಲ್ಲ. ಅಳತೆಯಷ್ಟೇ ಹೇಳುವ ಪದ ಅಲ್ಲಿ ಕೈಕೊಡುತ್ತದೆ.

ಪಂಚಾಂಗದ ‘ದಿನಮಾನ’ ನೆನಪಾಯಿತು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತು ಅಂತಲೇ ಅದರ ಅರ್ಥ, ಹೇಳಿ ಮಾಡಿಸಿದ ಹಾಗಿದೆ. ಆದರೆ ‘ಇಂದಿನ ದಿನಮಾನಗಳಲ್ಲಿ’ ಅಂತ ಓದಿ ರೂಢಿಯಾದವರು ಅದನ್ನು ‘ಈಗಿನ ಕಾಲ’ ಅಂತಲೇ ತಿಳಿಯುತ್ತಾರೆ.

‘ಋತು’ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಕ್ಕಳು ದೊಡ್ಡವರಾಗುವುದರ ಬಗ್ಗೆ ಬರೆಯುವಾಗ ‘ಋತುಚಕ್ರಕ್ಕೂ ಬೆಳವಣಿಗೆಗೂ ಇರುವ ಸಂಬಂಧ’ ಅಂತ ಹಾಕಿದರೆ ಎಲ್ಲರೂ ಮುಟ್ಟಿನ ವಿಷಯ ಅಂದುಕೊಳ್ಳುತ್ತಾರೆ, ತಪ್ಪು ಅವರದ್ದಲ್ಲ. ‘ಋತುಮಾನ’ ಪರವಾಗಿಲ್ಲ, ನಾನಂತೂ ಬರೀ ‘ಕಾಲ’ ಅಂತ ಬರೆಯುತ್ತೇನೆ.

‘ಬೆಳವಣಿಗೆಯ ದರ’ ಕೂಡ ಬೇಡ, ದರ ಅಂದರೆ ಬೆಲೆ ನೆನಪಾಗುತ್ತದೆ. ‘ವೇಗ’ ಸಾಕು. ಆದರೆ ಈ ವೇಗವನ್ನು ಹೇಗೆ ಅಳೆಯಬೇಕು ಅಂತ ಜೊತೆಗೇ ಹೇಳಲೇಬೇಕು. ಶಾಲೆಗೆ ಹೋಗುವ ವಯಸ್ಸಿನ ಮಗು, ಮೈನೆರೆಯುವ ಮೊದಲು, ವರ್ಷಕ್ಕೆ ಸುಮಾರು 5–6 ಸೆಂಟಿಮೀಟರ್ ಬೆಳೆಯುತ್ತದೆ. ಬೆಳಿಗ್ಗೆಗಿಂತ ಸಂಜೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರಬಹುದು, ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿಕೊಳ್ಳುವುದರಿಂದ. ಅಂದರೆ ಎರಡು ತಿಂಗಳ ಬೆಳವಣಿಗೆ ಒಂದು ಸಂಜೆಯ ಅಳತೆಯಲ್ಲಿ ಕಾಣದೇ ಹೋಗಬಹುದು. ಚಳಿಗಾಲದ ಮೂರು ತಿಂಗಳು ಅಳೆದು ಮಗು ಬೆಳೆಯುತ್ತಿಲ್ಲ ಅಂತ ಗಾಬರಿಪಡುವವರಿಗೆ ಇದನ್ನು ಬಿಡಿಸಿ ಹೇಳಬೇಕು: ಅಳೆಯುವುದಾದರೆ ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ, ವರ್ಷದ ಲೆಕ್ಕ ನೋಡಿ.

ಸದ್ಯಕ್ಕೆ ನಾನು ‘ಹಗಲ ಬೆಳಕು’ ಅಂತ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹೊತ್ತೂ ಇದೆ, ಕಣ್ಣಿಗೆ ಬೀಳುವುದೂ ಇದೆ, ಕಾವು ಇಲ್ಲ, ದೀಪವೂ ಇಲ್ಲ. ಹೊತ್ತನ್ನಷ್ಟೇ ಹೇಳಬೇಕಾದ ಕಡೆ ‘ಹಗಲಿನ ಉದ್ದ’. ಆದರೆ ‘ಹಗಲ ಬೆಳಕು’ ಪ್ರತಿ ಸಾಲಲ್ಲೂ ಬಂದಾಗ ಪದ್ಯದ ಹಾಗೆ ಕೇಳುತ್ತದೆಯೋ ಏನೋ ಅನ್ನುವ ಅನುಮಾನ. ‘ಹಗಲುಬೆಳಕು’ ಅಂತ ಸೇರಿಸಿ ಬರೆದರೆ ನಿಮಗೆ ಸಹಜ ಅನ್ನಿಸುತ್ತದೆಯೇ? ಇದಕ್ಕಿಂತ ಸಲೀಸಾದ ಪದ ಬಳಕೆಯಲ್ಲಿದ್ದರೆ, ಅದನ್ನು ಯಾವ ವಾಕ್ಯದಲ್ಲಿ ಹೇಗೆ ಬಳಸುತ್ತಾರೆ ಅನ್ನುವುದರ ಸಮೇತ ಬರೆಯಿರಿ.