ಲೈಡಾರ್ ಹಾರಿಸಿದರೆ ತಲಕಾಡಿನ ಮರಳಡಿಯ ಊರು ಕಾಣಿಸುತ್ತಾ?

ಬಸವನಗುಡಿ_ಓದುಗ:
ಗ್ವಾಟೆಮಾಲಾದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಬಿಟ್ಟು (ಇದಕ್ಕೇ ಲೈಡಾರ್ ಅಂತಾರೆ) ಹಳೇ ಕಾಲದ ಮಾಯಾ ಜನರ 60,000ಕ್ಕೂ ಜಾಸ್ತಿ ಕಟ್ಟಡಗಳ ಕುರುಹು ಪತ್ತೆ ಮಾಡಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತಲ್ಲ, ಅದನ್ನೇ ಈಗ ಓದುತ್ತಿದ್ದೇನೆ. ಓದಿದಾಗಿನಿಂದ ತಲೆಯಲ್ಲಿ ತಲಕಾಡೇ ಓಡುತ್ತಿದೆ. ಗಂಗರ ರಾಜಧಾನಿ ಅದು, ಎಷ್ಟೋ ಭಾಗ ಇನ್ನೂ ಮರಳಡಿ ಇದೆ. ನಮ್ಮ ಬೆಂಗಳೂರಿನಲ್ಲಿ ಡ್ರೋನ್ ಇದೆ, ಡೇಟಾ ನೋಡುವ ಇಂಜಿನಿಯರುಗಳಿದ್ದಾರೆ. ಒಂದು ಸಲ ಹಾರಿಸಿದರೆ ಸಾಕಲ್ವಾ? ತಿಳಿದವರು ಹೇಳಿ.

ಕೆಂಗೇರಿ_ಸರ್ವೆ:
ಸರ್, ಆಸೆ ಒಳ್ಳೆಯದು, ಆದರೆ ತಲಕಾಡಿಗೆ ಈ ಯಂತ್ರ ಹೊಂದುವುದಿಲ್ಲ. ಲೈಡಾರ್ ಮಣ್ಣಿನ ಒಳಗೆ ನೋಡುವುದಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಂಚು ಕೆಳಗೆ ಬಿಡುತ್ತಾರೆ, ಜಾಸ್ತಿ ಪಾಲು ಎಲೆಗೆ ಬಡಿದು ವಾಪಸ್ ಬರುತ್ತದೆ, ಸ್ವಲ್ಪ ಪಾಲು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತದೆ. ನೆಲ ಮುಟ್ಟಿದವನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಕಂಪ್ಯೂಟರಿನಲ್ಲಿ ತೆಗೆದರೆ ಕಾಡು ಮಾಯ, ಬರೀ ನೆಲದ ಉಬ್ಬುತಗ್ಗು ಕಾಣುತ್ತದೆ.

ಕಾಂಬೋಡಿಯಾದ ಅಂಗ್‌ಕೋರ್‌ನಲ್ಲಿ 2012ರಲ್ಲಿ ಹೆಲಿಕಾಪ್ಟರ್‌ನಿಂದ ಮಾಡಿದ್ದು ಇದನ್ನೇ. ಅಲ್ಲಿನ ಜನರ ಮರದ ಮನೆಗಳು ಯಾವತ್ತೋ ಮಣ್ಣಾಗಿದ್ದವು. ಆದರೆ ಮನೆ ಕಟ್ಟಿದ್ದ ದಿಬ್ಬ, ರಸ್ತೆಯ ಏರಿ, ಕೆರೆಯ ಅಂಚು ಹಾಗೇ ಉಳಿದಿದ್ದವು. ಬೀದಿಗಳ ಇಡೀ ಜಾಲ ಹೊರಗೆ ಬಂತು, ಕುಲೆನ್ ಬೆಟ್ಟದ ಮೇಲಿನ ಮಹೇಂದ್ರಪರ್ವತ ಎಂಬ ಊರಿನ ನಕ್ಷೆಯೂ ಸಿಕ್ಕಿತು. ನೆಲದ ಮೇಲೆ ಉಬ್ಬು ಉಳಿದಿರಬೇಕು, ಅಷ್ಟೇ. ತಲಕಾಡಿನಲ್ಲಿ ಹಾರಿಸಿದರೆ ನಿಮಗೆ ಮರಳು ದಿಬ್ಬದ ಚಂದದ ಚಿತ್ರ ಸಿಗುತ್ತದೆ. ನನ್ನನ್ನು ಕೇಳಿದರೆ ಮೊದಲು ಮಲೆನಾಡಿಗೆ ಹೋಗಬೇಕು. ಕೆಳದಿ ನಾಯಕರ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದ. ಆ ಸುತ್ತಮುತ್ತ ಕಾಡು ದಟ್ಟವಾಗಿದೆ, ಲೇಸರ್‌ಗೆ ಹೇಳಿ ಮಾಡಿಸಿದ ಜಾಗ.

ಬಸವನಗುಡಿ_ಓದುಗ:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಮರಳಿಗೆ ಏನು ದಾರಿ?

ಜಿಯೋ_ಹುಡುಗಿ:
ನೆಲದೊಳಗೆ ನೋಡುವ ರಾಡಾರ್ ಇದೆ, ಜಿಪಿಆರ್ ಅಂತಾರೆ. ತಳ್ಳುಗಾಡಿಯ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಗಬೇಕು. ರೇಡಿಯೋ ಅಲೆ ಕೆಳಗೆ ಹೋಗಿ, ಗೋಡೆಯೋ ಇಟ್ಟಿಗೆಯೋ ಸಿಕ್ಕಿದಲ್ಲಿ ತಿರುಗಿ ಬರುತ್ತದೆ. ಇಟಲಿಯ ಫಲೇರಿ ನೋವಿ ಎಂಬ ರೋಮನ್ ಊರನ್ನು ಒಂದು ಗುದ್ದಲಿಯೂ ಹಾಕದೆ ಹೀಗೇ ಪೂರ್ತಿ ನಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದರು. ದೇವಸ್ಥಾನ, ಮಾರುಕಟ್ಟೆ, ಸ್ನಾನದ ಮನೆ, ನೀರಿನ ಕೊಳವೆ ಎಲ್ಲಾ ಕಂಡಿತು. ಒಣ ಮರಳಿನಲ್ಲಿ ಅಲೆ ಚೆನ್ನಾಗಿ ಇಳಿಯುತ್ತದೆ, ಒದ್ದೆ ಜೇಡಿಮಣ್ಣಿನಲ್ಲಿ ಬೇಗ ಸತ್ತುಹೋಗುತ್ತದೆ. ತಲಕಾಡಿನಲ್ಲಿ ಮೇಲೆ ಒಣ ಮರಳು, ಪಕ್ಕದಲ್ಲೇ ಕಾವೇರಿ, ಅಂದರೆ ಆಳಕ್ಕೆ ಹೋದಂತೆ ತೇವ. ಬೇಸಿಗೆಯಲ್ಲೇ ಮಾಡಬೇಕು.

ಇನ್ನೊಂದು ಮಾತು. ಹೊಸದಾಗಿ ಹಾರಿಸುವ ಮೊದಲು ಬೇರೆಯವರು ಬೇರೆ ಕೆಲಸಕ್ಕೆ ತೆಗೆದಿಟ್ಟ ಡೇಟಾ ಹುಡುಕಬೇಕು. ಮೆಕ್ಸಿಕೋದ ಕಂಪೆಚೆಯಲ್ಲಿ ವಲೇರಿಯಾನಾ ಎಂಬ ಮಾಯಾ ನಗರ 2024ರಲ್ಲಿ ಬೆಳಕಿಗೆ ಬಂದಿದ್ದು ಹಾಗೆ. ಕಾಡಿನ ಅಧ್ಯಯನಕ್ಕೆ 2013ರಲ್ಲಿ ಮಾಡಿದ್ದ ಸ್ಕ್ಯಾನ್ ಅದು, ಅಷ್ಟು ವರ್ಷ ಸುಮ್ನೆ ಬಿದ್ದಿತ್ತು.

ಕಲ್ಲು_ಓದುವವ:
ದೂರದ ಊರೆಲ್ಲಾ ಆಯ್ತು, ಬೆಂಗಳೂರಿನ ಒಳಗೇ ನೋಡಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲ. ಅದು 2018ರಲ್ಲಿ ಮತ್ತೆ ಸಿಕ್ಕಿತು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಇಂಥ ಶಾಸನಗಳನ್ನು ಹುಡುಕಿಕೊಂಡು ಹೋಗಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ರೀನಿನಲ್ಲಿ ಬೆಳಕಿನ ಕೋನ ಬದಲಿಸಿದರೆ ಎದ್ದು ಬರುತ್ತದೆ. ತಲಕಾಡು ಇನ್ನೂ ನೂರು ವರ್ಷ ಮರಳಡಿ ಕ್ಷೇಮವಾಗಿರಬಹುದು, ಲೇಔಟ್ ಪಕ್ಕದ ಕಲ್ಲಿಗೆ ನಾಳೆಯೇ ಜೆಸಿಬಿ ಬರುತ್ತದೆ. ನನಗೆ ಇದೇ ಮೊದಲ ಕೆಲಸ ಅನಿಸುತ್ತದೆ.

ಮತ್ತೆ ದಯವಿಟ್ಟು, ಕಾಡಿನಲ್ಲೋ ಹೊಲದಲ್ಲೋ ಏನಾದರೂ ಕಂಡರೆ ಲೊಕೇಶನ್ ಇಲ್ಲಿ ಹಾಕಬೇಡಿ. ನಿಧಿ ಆಸೆಗೆ ವೀರಗಲ್ಲು ಕಿತ್ತು ಅಡಿ ಅಗೆಯುವವರು ಈಗಲೂ ಇದ್ದಾರೆ. ಫೋಟೋ ತೆಗೆದು ನೇರವಾಗಿ ಪುರಾತತ್ವ ಇಲಾಖೆಗೆ ತಿಳಿಸಿ.