ಬೇಲೂರು 1993ರ ಬ್ಯಾಚ್: ಕೆಂಪು ವೃತ್ತದೊಳಗಿನ ಹೆಂಗಸು

ಮಂಜುನಾಥ, ಬೆಳಿಗ್ಗೆ 7:12
‘ಹಕ್ಕಿಪಿಕ್ಕಿ ಗ್ಯಾಂಗ್ ಅಂದರ್!’ (ವಿಡಿಯೊ)
ತೋಟದವರೆಲ್ಲ ಎಚ್ಚರದಿಂದಿರಿ. ಕಾಫಿ ಕೊಯ್ಲು ಶುರುವಾಗಿದೆ, ಹೊರಗಿನವರು ಬಂದುಹೋಗುವ ಕಾಲವಿದು.

ಶೋಭಾ, 7:40
ಮಂಜುನಾಥ್ ಅವರೇ, ವಿಡಿಯೊವನ್ನು ಎರಡು ಸಲ ನೋಡಿದೆ. ಕಳವು ನಡೆದದ್ದು ಬೇರೆ ಜಿಲ್ಲೆಯಲ್ಲಿ, ಸಿಕ್ಕಿಬಿದ್ದವರು ಮೂವರು ಗಂಡಸರು. ಆದರೆ ಪರದೆಯ ಮೇಲೆ ಹೆಚ್ಚು ಹೊತ್ತು ಕಾಣುವುದು ಮನೆಯ ಮುಂದೆ ಮೊರದಲ್ಲಿ ಬೇರು ಹರವಿಕೊಂಡು ಕುಳಿತ ಒಬ್ಬ ಹೆಂಗಸು, ಆಕೆಯ ಮುಖದ ಸುತ್ತ ಒಂದು ಕೆಂಪು ವೃತ್ತ. ಈ ಪ್ರಕರಣಕ್ಕೂ ಆಕೆಗೂ ಏನು ಸಂಬಂಧ ಎಂಬುದನ್ನು ನಿರೂಪಕರು ಕೊನೆಯವರೆಗೂ ಹೇಳುವುದಿಲ್ಲ.

ಮಂಜುನಾಥ, 7:52
ಕಳ್ಳತನವಂತೂ ಸುಳ್ಳಲ್ಲವಲ್ಲ ಮೇಡಂ. 2023ರ ಏಪ್ರಿಲ್‌ನಲ್ಲಿ ಇದೇ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡಾಗ ಇದೇ ಮಾಧ್ಯಮಗಳು ಅವರಿಗಾಗಿ ಮರುಗಲಿಲ್ಲವೇ? ಆಗ ಸಮುದಾಯದ ಹೆಸರು ಹೇಳಿದರೆ ಸರಿ, ಈಗ ಹೇಳಿದರೆ ತಪ್ಪು ಎಂದರೆ ಹೇಗೆ?

ಶೋಭಾ, 8:15
ಪ್ರಶ್ನೆ ನ್ಯಾಯವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಸುಬು ಕೈತಪ್ಪಿ, ಗಿಡಮೂಲಿಕೆ ಮತ್ತು ಎಣ್ಣೆ ಮಾರುತ್ತ ಆಫ್ರಿಕಾದವರೆಗೆ ಹೋದವರು ಅವರು. ಅವರು ಸುಡಾನಿನಲ್ಲಿ ಏಕಿದ್ದರು ಎಂಬುದು ತಿಳಿಯಬೇಕಾದರೆ ಸಮುದಾಯದ ಹೆಸರು ಬೇಕೇ ಬೇಕಿತ್ತು. ಬೀಗ ಒಡೆದದ್ದಕ್ಕೆ ಆ ಹೆಸರು ಏನನ್ನು ವಿವರಿಸುತ್ತದೆ? ಸಹಕಾರ ಸಂಘದ ದುಡ್ಡು ನುಂಗಿದವರ ಸುದ್ದಿ ಬಂದಾಗ ಅವರ ಜಾತಿಯ ಮುಂದೆ ‘ಗ್ಯಾಂಗ್’ ಸೇರಿಸಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಅಂಗಡಿಹಳ್ಳಿಯಲ್ಲೇ ಅವರ ಮನೆಗಳಿವೆ. ಅಲ್ಲಿನ ಮಕ್ಕಳ ಓದು, ನೀರು, ಜಮೀನಿನ ಪತ್ರ ಎಂದಾದರೂ ಸುದ್ದಿಯಾಗಿದ್ದು ನಿಮಗೆ ನೆನಪಿದೆಯೇ?

ನಾಗರಾಜ, 8:47
ನಾನು ಹನ್ನೊಂದು ವರ್ಷ ತಾಲ್ಲೂಕು ವರದಿಗಾರನಾಗಿದ್ದವನು, ಇಂಥ ಸುದ್ದಿಗಳನ್ನು ಕಳಿಸಿದವನೂ ಹೌದು. ಠಾಣೆಯ ಪ್ರಕಟಣೆ ವಾಟ್ಸಾಪಿನಲ್ಲೇ ಬರುತ್ತದೆ. ಸುದ್ದಿಗೆ ಇಷ್ಟು ಎಂದು ಕೈಗೆ ಬರುವ ಕಾಸಿನಲ್ಲಿ ಕಾಲೋನಿಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಬರುವ ಪೆಟ್ರೋಲೂ ಗಿಟ್ಟುವುದಿಲ್ಲವಾದ್ದರಿಂದ, ಪ್ರಕಟಣೆಯಲ್ಲಿದ್ದುದನ್ನೇ ತಿರುಗಿಸಿ ಕಳಿಸಿಬಿಡುತ್ತೇವೆ. ಬೆಂಗಳೂರಿನ ಡೆಸ್ಕಿನವರಿಗೆ ದೃಶ್ಯ ಬೇಕು. ಹಳೆಯ ಸಂಗ್ರಹದಲ್ಲಿ ‘ಹಕ್ಕಿಪಿಕ್ಕಿ’ ಎಂದು ಹುಡುಕಿದಾಗ ಸಿಕ್ಕಿದ ತುಣುಕನ್ನು ಅಂಟಿಸುತ್ತಾರೆ. ಶೋಭಾ ಅವರು ಹೇಳಿದ ಆ ಹೆಂಗಸಿನ ದೃಶ್ಯ ನನಗೆ ಗೊತ್ತು. ಕೂದಲೆಣ್ಣೆಯ ಬಗ್ಗೆ ಒಂದು ಕಾರ್ಯಕ್ರಮ ಮಾಡುತ್ತೇವೆಂದಾಗ ಕ್ಯಾಮೆರಾದವರನ್ನು ಆಕೆಯ ಮನೆಗೆ ಕರೆದುಕೊಂಡು ಹೋದವನು ನಾನೇ. ಬೆಲ್ಲದ ಕಾಫಿ ಕೊಟ್ಟು, ‘ಟೀವಿಯಲ್ಲಿ ಯಾವಾಗ ಬರುತ್ತೆ ಸಾರ್’ ಎಂದು ಕೇಳಿದ್ದರು.

ಆಕ್ಸ್‌ಫಾಮ್ ಇಂಡಿಯಾ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ನ್ಯೂಸ್‌ಲಾಂಡ್ರಿ ಎಂಬ ಸುದ್ದಿ ಜಾಲತಾಣ 2019ರಲ್ಲಿ ಹಿಂದಿ, ಇಂಗ್ಲಿಷ್ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳನ್ನು ಎಣಿಸಿದಾಗ 106ರಲ್ಲಿ ಮೇಲ್ಜಾತಿಯವರಿದ್ದರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಒಬ್ಬರೂ ಇರಲಿಲ್ಲ. ನಾನು ಕಂಡ ಕನ್ನಡ ಡೆಸ್ಕುಗಳೂ ಬೇರೆಯಾಗಿರಲಿಲ್ಲ. ಆ ವೃತ್ತ ಎಳೆಯುವಾಗ ‘ಇವರು ನಮ್ಮ ಚಿಕ್ಕಮ್ಮನಂತಿದ್ದಾರೆ, ತಡೆಯಿರಿ’ ಎನ್ನುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಲೋಕೇಶ್, 9:05
ವಕೀಲನಾಗಿ ಒಂದು ಮಾತು. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮದ ಪ್ರಕಾರ ಯಾವುದೇ ಜನಾಂಗ, ಭಾಷೆ ಅಥವಾ ಪ್ರದೇಶದವರನ್ನು ಹೀಗಳೆಯುವ ದೃಶ್ಯವನ್ನಾಗಲಿ ಮಾತನ್ನಾಗಲಿ ಪ್ರಸಾರ ಮಾಡುವಂತಿಲ್ಲ. ದೂರು ಕೊಡಬಹುದು. ಆದರೆ ಬೇರು ಒಣಗಿಸುವ ಹೆಂಗಸು ಆ ನಿಯಮವನ್ನು ಹುಡುಕಿಕೊಂಡು ಬರಬೇಕೆಂದು ನಿರೀಕ್ಷಿಸುವುದು ನನಗೂ ವಿಚಿತ್ರವಾಗಿಯೇ ಕಾಣುತ್ತದೆ.

ಮಂಜುನಾಥ, 9:31
ನಾಗು, ನೀನು ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ. ಹೆಸರು ಮುಚ್ಚಿಟ್ಟರೆ ಜನ ಇನ್ಯಾರನ್ನೋ ಅನುಮಾನಿಸುತ್ತಾರೆ. ಆದರೆ ಆ ಹೆಂಗಸಿನ ಮುಖ ಹಾಕಿದ್ದು ತಪ್ಪೇ. ಇಲ್ಲಿಂದ ವಿಡಿಯೊ ಅಳಿಸಿದ್ದೇನೆ. ಬೆಳೆಗಾರರ ಗುಂಪಿಗೂ ಹಾಕಿದ್ದೆ. ‘ಈ ಸಲ ಮೆಣಸು ಕೊಯ್ಲಿಗೆ ಅವರನ್ನು ಕರೆಯುವುದು ಬೇಡ’ ಎಂದು ಅಲ್ಲಿ ಆಗಲೇ ಒಬ್ಬರು ಬರೆದಿದ್ದಾರೆ, ಹದಿನಾಲ್ಕು ಜನ ಹೆಬ್ಬೆರಳು ಒತ್ತಿದ್ದಾರೆ. ಅಲ್ಲಿ ಈಗ ನಾನೇನು ಬರೆಯಲಿ?

ಶೋಭಾ, 9:34
ನಾಗರಾಜ್ ಅವರು ಆ ಹೆಂಗಸಿನ ಬಗ್ಗೆ ಬರೆದದ್ದನ್ನೇ ಕಳಿಸಿ.

ನಾಗರಾಜ, 9:36
ನನ್ನ ಹೆಸರು ಸೇರಿಸಿಯೇ ಕಳಿಸು.